ಎರಡು ಬಾಗಿಲಿನ ಕೋಣೆ

ನಾನು ಮದುವೆಯಾಗಿ ರಾಜಾಜಿನಗರದ ಆ ಮನೆಗೆ ಬಂದ ಮೂರನೆಯ ದಿನ ನನ್ನ ತವರಿನಿಂದ ಲಾರಿಯಲ್ಲಿ ಮಂಚ ಬಂತು. ಚಿತ್ರದುರ್ಗದ ಕಡೆಯ ನಮ್ಮೂರಿನ ಬಡಗಿ ಎರಡು ತಿಂಗಳು ಕೂತು ಮಾಡಿದ ತೇಗದ ಜೋಡಿ ಮಂಚ. ತಲೆಯ ಕಡೆಯ ಹಲಗೆಯಲ್ಲಿ ಎದುರುಬದುರಾಗಿ ಎರಡು ನವಿಲು ಕೆತ್ತಿದ್ದ. ಬೆಂಗಳೂರಿನ ಮನೆ ಎಂದರೆ ದೊಡ್ಡದಾಗಿಯೇ ಇರುತ್ತದೆ ಎಂದುಕೊಂಡು ಅಪ್ಪ ಕೋಣೆಯ ಅಳತೆಯನ್ನೂ ಕೇಳದೆ ಮಾಡಿಸಿಬಿಟ್ಟಿದ್ದರು.

ಬಿಚ್ಚಿ ತಂದ ಮಂಚವನ್ನು ಒಳಗೆ ಜೋಡಿಸಿ ನಿಲ್ಲಿಸಿದ ಮೇಲೆ ಗೋಡೆಗೂ ಮಂಚಕ್ಕೂ ನಡುವೆ ಒಂದೂವರೆ ಅಡಿ ಜಾಗ ಉಳಿಯಿತು. ಆ ಒಂದೂವರೆ ಅಡಿಯಲ್ಲೇ ಮನೆಯ ಐದು ಜನವೂ ಓಡಾಡಬೇಕಾಗಿತ್ತು. ಏಕೆಂದರೆ ಆ ಕೋಣೆಗೆ ಎರಡು ಬಾಗಿಲು. ಒಂದು ಹಾಲ್‌ಗೆ ತೆರೆಯುತ್ತಿತ್ತು, ಇನ್ನೊಂದು ಹಿತ್ತಲಿಗೆ. ಬಚ್ಚಲು, ಕಕ್ಕಸು, ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು ಎಲ್ಲ ಹಿತ್ತಲಿನಲ್ಲಿದ್ದವು. ಅಡಿಗೆಮನೆಗೆ ಹಿಂದೆ ಬಾಗಿಲಿರಲಿಲ್ಲ. ಅಲ್ಲೇ ಮೂಲೆಯಲ್ಲಿ ಅತ್ತೆಯ ಪೂಜೆಯ ಗೂಡು ಇದ್ದುದರಿಂದ, ಕಕ್ಕಸಿಗೆ ಹೋಗಿಬಂದವರು ಒಲೆಯ ಮುಂದೆ ಹಾಯಬಾರದೆಂದು ಬೇಕೆಂದೇ ಇಟ್ಟಿರಲಿಲ್ಲ. ಮನೆಯ ಪಕ್ಕದಲ್ಲಿ ಮೂರಡಿ ಸಂದಿಯೇನೋ ಇತ್ತು. ಅದರಲ್ಲಿ ಮನೆ ಕಟ್ಟಿದಾಗ ಮಿಕ್ಕ ಇಟ್ಟಿಗೆ, ಒಡೆದ ಹೆಂಚು, ಬಚ್ಚಲೊಲೆಗೆ ತಂದ ಸೌದೆ ಎದೆಯ ಎತ್ತರಕ್ಕೆ ತುಂಬಿದ್ದವು. ಹೀಗಾಗಿ ಹಿತ್ತಲಿಗೆ ಇದ್ದದ್ದು ಒಂದೇ ದಾರಿ, ನಮ್ಮ ಮಂಚದ ಪಕ್ಕದ ದಾರಿ.

ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮನೆಯ ಪ್ಲಾನನ್ನು ಯಾವ ಎಂಜಿನಿಯರನ ಕೈಗೂ ಕೊಡದೆ ತಾವೇ ಬರೆದಿದ್ದರು. ನೀಲಿ ಕಾಗದದ ಆ ನಕ್ಷೆಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದರು. ಮೊದಲ ವಾರವೇ ನನ್ನನ್ನು ಅದರ ಮುಂದೆ ನಿಲ್ಲಿಸಿಕೊಂಡು ಬೆರಳಿಟ್ಟು ತೋರಿಸಿದರು.

"ನೋಡಮ್ಮ, ಇದು ಮುಂಬಾಗಿಲು. ಇದು ರೂಮಿನ ಬಾಗಿಲು. ಇದು ಹಿತ್ಲು ಬಾಗಿಲು. ಮೂರೂ ಒಂದೇ ಗೆರೇಲಿ ಬರುತ್ತೆ. ರೋಡಲ್ಲಿ ನಿಂತ್ಕೊಂಡು ನೋಡಿದ್ರೆ ಹಿತ್ತಲಿನ ನುಗ್ಗೆಮರ ಕಾಣುತ್ತೆ. ಗಾಳಿ ಹೀಗ್ ಬಂದು ಹೀಗ್ ಹೋಗುತ್ತೆ. ಈ ಸಾಲಲ್ಲಿ ಯಾವ್ ಮನೇಲೂ ಇಂಥ ಗಾಳಿ ಇಲ್ಲ."

ನಡುವಿನ ಚೌಕದಲ್ಲಿ ಮುದ್ದಾದ ಅಕ್ಷರಗಳಲ್ಲಿ 'ಮಲಗುವ ಕೋಣೆ' ಎಂದು ಬರೆದಿತ್ತು. "ತುಂಬ ಚೆನ್ನಾಗಿದೆ ಮಾವ" ಎಂದೆ. ಅಕ್ಷರಗಳು ನಿಜವಾಗಿಯೂ ಚೆನ್ನಾಗಿದ್ದವು.

ನನಗಾಗ ಇಪ್ಪತ್ತು ವರ್ಷ. ಎಪ್ಪತ್ತರ ದಶಕ ಅರ್ಧ ಕಳೆಯುತ್ತಾ ಬಂದಿತ್ತು. ನಮ್ಮೂರಿನ ಮನೆಯಲ್ಲಿ ಮಲಗುವುದಕ್ಕೆಂದೇ ಒಂದು ಕೋಣೆ ಇರಲಿಲ್ಲ. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಮಕ್ಕಳು ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ಆದರೆ ಅಲ್ಲಿ ಉಗ್ರಾಣವಿತ್ತು, ಅಟ್ಟವಿತ್ತು. ಯಾರ ಮುಖವೂ ಬೇಡವೆನ್ನಿಸಿದ ಹೊತ್ತು ಜೋಳದ ಚೀಲಗಳ ಹಿಂದೆ ಹೋಗಿ ಕೂತರೆ ಊಟದ ಹೊತ್ತಿನ ತನಕ ಯಾರೂ ಹುಡುಕುತ್ತಿರಲಿಲ್ಲ. ಇಲ್ಲಿ ನನಗೆಂದು ಒಂದು ಕೋಣೆಯನ್ನೇ ಕೊಟ್ಟಿದ್ದರು. ಅದರೊಳಗೆ ಹತ್ತು ನಿಮಿಷ ಒಬ್ಬಳೇ ಇರಲು ಆಗುತ್ತಿರಲಿಲ್ಲ.

ಬೆಳಿಗ್ಗೆ ಐದಕ್ಕೆ ಮೈದುನ ಫ್ಯಾಕ್ಟರಿಯ ಮೊದಲನೇ ಶಿಫ್ಟಿಗೆ ಏಳುತ್ತಿದ್ದ. ತಲೆ ಬಗ್ಗಿಸಿಕೊಂಡು, ಮಂಚದ ಕಡೆ ನೋಡಬಾರದೆಂದು ಗೋಡೆಯನ್ನೇ ನೋಡುತ್ತಾ ಅಡ್ಡಡ್ಡವಾಗಿ ಹಾದು ಹೋಗುತ್ತಿದ್ದ. ಆಮೇಲೆ ಹಂಡೆಗೆ ಉರಿ ಹಾಕಲು ಅತ್ತೆ. ಮಾವನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಗಂಟೆಗೊಮ್ಮೆಯಾದರೂ ಎದ್ದು ಬರಬೇಕು. ಬರುವ ಮುನ್ನ ಬಾಗಿಲ ಹತ್ತಿರ ನಿಂತು ಎರಡು ಸಲ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದರೆ ನಾನೂ ನಮ್ಮವರೂ ಎಚ್ಚರವಿದ್ದರೂ ನಿದ್ದೆ ಹೋದವರಂತೆ ಮಂಚದ ಎರಡು ಅಂಚಿಗೆ ಸರಿದುಕೊಳ್ಳುತ್ತಿದ್ದೆವು. ಕೆಲವು ತಿಂಗಳಲ್ಲಿ ಕೆಮ್ಮು ಕೇಳದಿದ್ದರೂ ಅಂಚಿನಲ್ಲೇ ಮಲಗುವುದು ರೂಢಿಯಾಯಿತು.

ಎರಡೂ ಬಾಗಿಲಿಗೆ ಒಳಗಿನಿಂದ ಚಿಲಕಗಳಿದ್ದವು. ಹಾಕುವುದು ಹೇಗೆ? ಹಾಕಿದರೆ ನಾಲ್ಕು ಜನಕ್ಕೆ ಕಕ್ಕಸಿನ ದಾರಿ ಬಂದ್. ಸೀರೆ ಬದಲಾಯಿಸಬೇಕಾದರೆ ಬಚ್ಚಲಿಗೇ ಹೋಗಬೇಕು. ಅಲ್ಲಿನ ಒದ್ದೆ ನೆಲದಲ್ಲಿ ಹೊಸ ಸೀರೆಯ ಅಂಚೆಲ್ಲ ನೆನೆಯುತ್ತಿತ್ತು. ಅವ್ವನಿಗೆ ಕಾಗದ ಬರೆಯಲು ಮಂಚದ ಮೇಲೆ ಕೂತರೆ ಬಕೆಟ್ಟು ಹಿಡಿದು ಹಾದುಹೋಗುವ ಅತ್ತೆ ಕೇಳುತ್ತಿದ್ದರು:

"ಯಾರಿಗಮ್ಮ ಕಾಗದ?"

"ನಮ್ಮವ್ವನಿಗೆ ಅತ್ತೆ."

"ನಾನು ಕೇಳ್ದೆ ಅಂತ ಬರಿ." ವಾಪಸು ಬರುವಾಗ, "ಇನ್ನೂ ಮುಗೀಲಿಲ್ವಾ? ಅಷ್ಟೊಂದ್ ಏನಿರುತ್ತೆ ಬರ್ಯೋಕೆ?"

ಅವರು ಕೆಟ್ಟವರಲ್ಲ. ಆ ಮಾತಿನಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಸೋಜಿಗಪಟ್ಟೇ ಕೇಳುತ್ತಿದ್ದರು. ಆದರೆ ಆಮೇಲೆ ಕಾಗದದಲ್ಲಿ "ಎಲ್ಲರೂ ಕ್ಷೇಮ" ಎಂಬುದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಕೈ ಬರುತ್ತಿರಲಿಲ್ಲ.

ನಮ್ಮವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮೆತ್ತನೆಯ ಮನುಷ್ಯ. ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಭಾನುವಾರ ಮಾತ್ರ, ಅದೂ ಮನೆಯ ಹೊರಗೆ. ಸಂಜೆ ಬಸ್ಸು ಹತ್ತಿ ವಿಜಯನಗರದ ಕಡೆ ಹೋಗುತ್ತಿದ್ದೆವು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಸೈಟುಗಳು, ಪಾಯ ತೋಡಿದ ಸೈಟುಗಳು, ತಾರಸಿಗೆ ಕಾಯುತ್ತಾ ನಿಂತ ಗೋಡೆಗಳು. ಅವುಗಳ ನಡುವೆ ಮಾರೇನಹಳ್ಳಿಯವರೆಗೂ ನಡೆದು, ಸೊಪ್ಪೋ ತರಕಾರಿಯೋ ಕೊಂಡು ಹಿಂದಿರುಗುವುದು. ಅಷ್ಟರಲ್ಲಿ ವಾರದ ಮಾತೆಲ್ಲ ಆಡಿ ಮುಗಿಸಬೇಕು.

ಒಂದು ಭಾನುವಾರ ಪಾಯದ ಮೇಲೆ ಮೊಳಕಾಲೆತ್ತರ ಗೋಡೆ ಎದ್ದಿದ್ದ ಒಂದು ಮನೆಯೊಳಗೆ ಹೋಗಿ ನಿಂತೆ. ಯಾರೂ ಇರಲಿಲ್ಲ.

"ಇಲ್ಲಿ ನೋಡ್ರಿ, ಇದು ರೂಮು. ಇದಕ್ಕೆ ಒಂದೇ ಬಾಗಿಲು."

"ಅದು ಸ್ಟೋರ್ ಇರ್ಬೇಕು ಕಣೇ."

"ಆಗ್ಲಿ ಬಿಡಿ. ಒಂದೇ ಬಾಗಿಲಿದೆಯಲ್ಲ."

ನಮ್ಮವರು ನಗಲಿಲ್ಲ. ಕೈಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡರು.

"ಮಾವನಿಗೆ ನೀವೊಂದ್ಸಲ ಹೇಳಿ. ಆ ಸಂದೀಲಿರೋ ಇಟ್ಟಿಗೆ ತೆಗೆಸಿದ್ರೆ ಆ ಕಡೆಯಿಂದ ಓಡಾಡಬಹುದು."

"ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ. ಏನಂತ ಹೇಳ್ಲಿ, ಅದನ್ನ ಯೋಚ್ನೆ ಮಾಡ್ಬೇಕು. ನಮಗೆ ಚಿಲಕ ಹಾಕ್ಕೋಬೇಕು ಅಂತ ಅಪ್ಪನ ಮುಂದೆ ಹೇಗೆ ಹೇಳೋದು?"

ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಹಾಗೆ ಹೇಳುವ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಅದರ ಬದಲು ಅವರೊಂದು ಹೂವಿನ ಪರದೆ ತಂದು ಮಂಚಕ್ಕೂ ದಾರಿಗೂ ನಡುವೆ ಸ್ಪ್ರಿಂಗಿನ ತಂತಿಗೆ ಕಟ್ಟಿದರು. ಯಾರು ಹಾದುಹೋದರೂ ಪರದೆ ಅವರ ಭುಜಕ್ಕೆ ಸಿಕ್ಕಿ ಜೊತೆಗೇ ಎರಡು ಹೆಜ್ಜೆ ಹೋಗಿ, ಬಿಟ್ಟುಕೊಂಡು ಹಿಂದಕ್ಕೆ ಬರುತ್ತಿತ್ತು. ತಿಂಗಳೊಳಗೆ ಅತ್ತೆ ಅದನ್ನು ಒಗೆಯಲು ಬಿಚ್ಚಿದವರು ಮತ್ತೆ ಕಟ್ಟಲಿಲ್ಲ.

ಎರಡನೆಯ ವರ್ಷ ನಾನು ಬಸುರಾದೆ. ನಾಲ್ಕನೆಯ ತಿಂಗಳಲ್ಲಿ, ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತಾ ಕೂತಿದ್ದಾಗ ಸೊಂಟದಲ್ಲಿ ಸೆಳೆತ ಶುರುವಾಯಿತು. ಆಟೋದಲ್ಲಿ ನರ್ಸಿಂಗ್ ಹೋಮಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಕ್ತ ಬಹಳ ಹೋಗಿದೆ, ಮೂರು ವಾರ ಮಂಚ ಬಿಟ್ಟು ಇಳಿಯಬಾರದು ಎಂದು ಲೇಡಿ ಡಾಕ್ಟರು ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಅತ್ತೆ ಆ ಮಾತನ್ನು ಅಕ್ಷರಶಃ ಪಾಲಿಸಿದರು. ತಟ್ಟೆ ಮಂಚಕ್ಕೇ ತರುತ್ತಿದ್ದರು, ತಲೆ ಬಾಚುತ್ತಿದ್ದರು, ಬೆಡ್‌ಪ್ಯಾನನ್ನೂ ತಾವೇ ಎತ್ತುತ್ತಿದ್ದರು. ನಾನು ಅಲ್ಲಾಡುವಂತಿರಲಿಲ್ಲ.

ಹಾಗೆ ಮಲಗಿದಾಗಲೇ ಆ ಕೋಣೆ ಏನೆಂದು ನನಗೆ ಪೂರ್ತಿ ಗೊತ್ತಾದದ್ದು. ಓಡಾಡಿಕೊಂಡಿದ್ದಾಗ ನಾನೂ ಓಡಾಡುವವರಲ್ಲಿ ಒಬ್ಬಳಾಗಿದ್ದೆ. ಈಗ ಎಲ್ಲರೂ ನನ್ನ ಪಕ್ಕದಲ್ಲೇ, ನನ್ನ ಮುಖದ ಮಟ್ಟದಲ್ಲಿ ಹಾಯುತ್ತಿದ್ದರು. ಪಂಚೆ, ಲುಂಗಿ, ಸೀರೆಯ ನೆರಿಗೆ, ತುಳುಕುವ ಬಕೆಟ್ಟು. ಹಾಯುವಾಗ ಏನಾದರೂ ಒಂದು ಮಾತು ಆಡಲೇಬೇಕಲ್ಲ, ಸುಮ್ಮನೆ ಹೋಗುವುದು ಹೇಗೆ?

"ಹೇಗಿದೀಯಮ್ಮ?" ಎನ್ನುತ್ತಿದ್ದರು ಮಾವ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

"ಪರವಾಗಿಲ್ಲ ಮಾವ."

"ಅತ್ತಿಗೆ, ಏನಾದ್ರೂ ಬೇಕಾ?" ಎನ್ನುತ್ತಿದ್ದ ಮೈದುನ, ಗೋಡೆಯನ್ನು ನೋಡುತ್ತಾ.

"ಏನೂ ಬೇಡಪ್ಪ."

ದಿನಕ್ಕೆ ಎಷ್ಟು ಸಲ "ಪರವಾಗಿಲ್ಲ" ಎಂದೆನೋ. ಅಳು ಬಂದಾಗಲೆಲ್ಲ ಯಾವುದಾದರೊಂದು ಬಾಗಿಲು ಕಿರುಗುಟ್ಟುತ್ತಿತ್ತು. ನುಂಗಿಕೊಂಡು ಮುಖ ಸರಿಮಾಡಿಕೊಳ್ಳುತ್ತಿದ್ದೆ. ಎರಡು ಮೂರು ತಿಂಗಳಿಂದ ಒಳಗೊಳಗೇ ಮಾತಾಡಿಸುತ್ತಿದ್ದ ಮಗು ಇಲ್ಲವಾಗಿತ್ತು. ಅದಕ್ಕಾಗಿ ನಾನು ಇನ್ನೂ ಒಂದು ಸಲವೂ ಅತ್ತಿರಲಿಲ್ಲ.

ಅವ್ವ ನಾಲ್ಕು ದಿನಕ್ಕೆ ಬಂದಳು. ಮಂಚದ ಪಕ್ಕದ ಒಂದೂವರೆ ಅಡಿಯಲ್ಲೇ ಚಾಪೆ ಹಾಸಿ ಮಲಗಿದಳು. ಎಲ್ಲರೂ ಅವಳ ಕಾಲು ದಾಟಿಕೊಂಡು ಹೋಗಬೇಕಾಯಿತು. ಎರಡನೆಯ ದಿನ ಹಿಂದೆ ಮುಂದೆ ನೋಡಿ ನನ್ನ ಕಿವಿಯಲ್ಲಿ ಹೇಳಿದಳು:

"ಇದೇನವ್ವ, ಕೋಣೇನೋ ಬಸ್‌ಸ್ಟ್ಯಾಂಡೋ? ಊರಿಗೆ ಬಂದುಬಿಡು, ಒಂದು ತಿಂಗ್ಳು ಇದ್ದು ಸುಧಾರಿಸ್ಕೊಂಡು ಬರುವಿಯಂತೆ."

ಬಸ್ಸಿನಲ್ಲಿ ಅಷ್ಟು ದೂರ ಕೂತು ಹೋಗಕೂಡದೆಂದು ಡಾಕ್ಟರು ಹೇಳಿದ್ದರು. ಅವ್ವ ಒಬ್ಬಳೇ ಹಿಂದಿರುಗಿದಳು.

ಮೂರನೆಯ ವಾರದಲ್ಲಿ ಒಂದು ದಿನ ಬೆಳಿಗ್ಗೆ ಪಕ್ಕದ ಮನೆಯಾಕೆ ನಮ್ಮ ತೊಟ್ಟಿಯಿಂದ ನೀರು ಒಯ್ಯಲು ಬಂದಳು. ಅವರ ನಲ್ಲಿಯಲ್ಲಿ ನೀರು ಬರದ ದಿನಗಳಲ್ಲಿ ಹೀಗೆ ಬರುವುದು ವಾಡಿಕೆ. ಸೊಂಟದ ಮೇಲೆ ಎಂಟು ತಿಂಗಳ ಕೂಸು, ಕೈಯಲ್ಲಿ ಕೊಡ. ಮಂಚದ ಪಕ್ಕ ನಿಂತು, "ಬೇಜಾರ್ ಮಾಡ್ಕೋಬೇಡಿ ರೀ, ಇನ್ನೂ ಚಿಕ್ಕ ವಯಸ್ಸು, ಮತ್ತಾಗುತ್ತೆ" ಎಂದು ಒಳ್ಳೆಯ ಮಾತನ್ನೇ ಆಡಿದಳು. ಆಡುತ್ತಿರುವಾಗಲೇ ಕೂಸು ಬಾಗಿ ನನ್ನ ಬಳೆಗಳನ್ನು ಹಿಡಿದುಕೊಂಡಿತು. ಬಿಡಿಸಿದರೆ ಮತ್ತೆ ಹಿಡಿಯಿತು, ನಕ್ಕಿತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳು ಅದನ್ನು ನಿದ್ದೆ ಎಂದುಕೊಂಡಳು. ನೀರು ತುಂಬಿಸಿಕೊಂಡು ಮೂರು ಸಲ ಹೋಗಿ ಬಂದಳು.

ಅದೇ ಮಧ್ಯಾಹ್ನ ಅತ್ತೆ ಹಿಂದಿನ ಬೀದಿಯ ಒಂದು ಮನೆಗೆ ಅರಿಸಿನ ಕುಂಕುಮಕ್ಕೆ ಹೋದರು. ಮೈದುನ ಫ್ಯಾಕ್ಟರಿಯಲ್ಲಿ, ನಮ್ಮವರು ಕಚೇರಿಯಲ್ಲಿ. ಮಾವ ಹಾಲ್‌ನ ಈಸಿಚೇರಿನಲ್ಲಿ ಕಣ್ಣು ಮುಚ್ಚಿದ್ದರು. ನಾನು ಮೆಲ್ಲಗೆ ಮಂಚದಿಂದ ಇಳಿದೆ. ಹಾಲ್ ಕಡೆಯ ಬಾಗಿಲು ಮುಚ್ಚಿ ಚಿಲಕ ಎಳೆದರೆ ಅದು ಅಲ್ಲಾಡಲಿಲ್ಲ. ವರ್ಷವರ್ಷವೂ ಬಣ್ಣ ಬಳಿದು ಅಂಟಿಕೊಂಡಿತ್ತು. ತಲೆಯ ಪಿನ್ನು ತೆಗೆದು ಸುತ್ತಲೂ ಕೆರೆದು, ಹಿತ್ತಾಳೆ ಚೊಂಬಿನ ತಳದಿಂದ ಎರಡು ಸಲ ಕುಟ್ಟಿದೆ. ಕೂತುಕೊಂಡಿತು. ಹಿತ್ತಲ ಬಾಗಿಲಿನದು ಸಲೀಸಾಗಿ ಬಿತ್ತು. ಆಮೇಲೆ ಮಂಚದ ಮೇಲೆ ಬಿದ್ದು, ದಿಂಬು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಬಾಗಿಲ ಹತ್ತಿರ ಎರಡು ಸಲ ಕೆಮ್ಮು ಕೇಳಿಸಿತು. ಆಮೇಲೆ ಬಾಗಿಲು ತಳ್ಳಿದ ಸದ್ದು.

"ಅಮ್ಮಾ, ಮಲಗಿದೀಯೇನಮ್ಮ?"

ನಾನು ದಿಂಬನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡೆ.

"ಚಿಲಕ ಬಿದ್ದಿದೆ ಅಂತ ಕಾಣುತ್ತೆ. ಒಂಚೂರು ತೆಗೀತೀಯಾ? ಹಿತ್ಲಿಗೆ ಹೋಗ್ಬೇಕಿತ್ತು."

ನನಗೆ ಎಲ್ಲ ಕೇಳಿಸುತ್ತಿತ್ತು. ಎದ್ದರೆ ನಾಲ್ಕು ಹೆಜ್ಜೆ. ನಾನು ಏಳಲಿಲ್ಲ. ನಿಶ್ಶಕ್ತಿಯಿಂದ ಅಲ್ಲ, ನಿದ್ದೆಯಿಂದಲೂ ಅಲ್ಲ. ಬೇಕೆಂದೇ ಏಳಲಿಲ್ಲ. ಒಂದು ದಿನ, ಒಂದು ಗಂಟೆ, ಈ ಬಾಗಿಲು ನನ್ನದಾಗಿರಲಿ ಎಂಬ ಹಟ ಬಂದಿತ್ತು. ಇದನ್ನು ನಾನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಲ್ಲ.

"ಅಮ್ಮಾ... ಸ್ವಲ್ಪ ಅವಸರ ಇತ್ತು ಕಣಮ್ಮ."

ಮುಂಬಾಗಿಲ ಕಡೆಗೆ ಚಪ್ಪಲಿಯ ಸರಸರ ಹೋಯಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ, ಸಂದಿಯಲ್ಲಿ, ಸೌದೆ ಸರಿದ ಸದ್ದು, ಇಟ್ಟಿಗೆಗಳು ಒಂದರ ಮೇಲೊಂದು ಉರುಳಿದ ಸದ್ದು, "ಅಯ್ಯೋ" ಎಂಬ ದನಿ.

ಹಿತ್ತಲ ಬಾಗಿಲು ತೆರೆದು ಹೊರಗೆ ಓಡಿದೆ. ಮಾವ ಸಂದಿಯಿಂದ ಹೇಗೋ ಈಚೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಮೊಳಕಾಲಿನ ಕೆಳಗೆ ಚರ್ಮ ತರಚಿ ರಕ್ತ ಇಳಿಯುತ್ತಿತ್ತು. ಪಂಚೆ ಒದ್ದೆಯಾಗಿತ್ತು. ಕಕ್ಕಸಿನ ಬಾಗಿಲು ಅವರಿಂದ ಐದು ಹೆಜ್ಜೆ ದೂರದಲ್ಲಿತ್ತು. ನನ್ನನ್ನು ಕಂಡದ್ದೇ ಎರಡೂ ಕೈಯಿಂದ ಪಂಚೆಯನ್ನು ಮುದುರಿ ಹಿಡಿದುಕೊಂಡು ಮುಖ ತಗ್ಗಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ, ದಿನವೂ ಗಂಜಿ ಹಾಕಿದ ಅಂಗಿ ತೊಡುವ ಮನುಷ್ಯ.

ನಾನು ಒಳಗಿಂದ ಒಗೆದ ಪಂಚೆ ತಂದು ಬಚ್ಚಲ ಬಾಗಿಲ ಮೇಲೆ ಹಾಕಿದೆ. ಹಂಡೆಯಲ್ಲಿ ಉಗುರುಬೆಚ್ಚಗಿನ ನೀರಿತ್ತು. ಅವರು ತೊಳೆದುಕೊಂಡು ಬರುವ ತನಕ ನುಗ್ಗೆಮರದ ಕೆಳಗೆ ನಿಂತಿದ್ದೆ. ಬಂದ ಮೇಲೆ ಗಾಯಕ್ಕೆ ಅರಿಸಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದೆ.

"ನಿಮ್ಮತ್ತೆಗೆ ಹೇಳ್ಬೇಡಮ್ಮ" ಎಂದರು.

"ಇಲ್ಲ ಮಾವ."

ಒದ್ದೆ ಪಂಚೆಯನ್ನು ನಾನೇ ಹಿಂಡಿ ಹಗ್ಗದ ಮೇಲೆ ಹಾಕಿದೆ. ಅವರು ನನ್ನ ಮುಖ ನೋಡಿದರು. ನನ್ನ ಕಣ್ಣು ಹೇಗಿತ್ತೋ.

"ಒಳಗೆ ಅಳ್ತಾ ಇದ್ಯಾ?"

"ಹೂಂ."

"ದಿನಾ ಅಳ್ತೀಯಾ?"

"ಇಲ್ಲ. ಇವತ್ತೇ ಮೊದಲು. ಜಾಗ ಇರ್ಲಿಲ್ಲ ಮಾವ."

ಹಾಗೆ ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂತು. ಮಾವ ಕಾಲಿನ ಕಟ್ಟನ್ನು ಸವರಿಕೊಂಡರು. ಬಾಗಿಲು ತೆಗೆಯಲಿಲ್ಲ ಏಕೆ ಎಂದು ಆ ದಿನವೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅವರು ಕೇಳಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಾನು ಮಂಚಕ್ಕೆ ಹಿಂದಿರುಗಿ ಮಲಗಿದೆ, ಎರಡು ಬಾಗಿಲನ್ನೂ ಅಗಲಕ್ಕೆ ತೆರೆದಿಟ್ಟು.

ಮಾರನೆಯ ಬೆಳಿಗ್ಗೆ ಮಾವ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಹಿಂಬದಿಯಲ್ಲಿ ಸ್ಕೇಲು ಪೆನ್ಸಿಲು ಹಿಡಿದು ಕೂತರು. ಹೊತ್ತೇರುವ ತನಕ ಬರೆದರು, ಅಳಿಸಿದರು. ಆಮೇಲೆ ಅತ್ತೆಯನ್ನು ಕರೆದು, ರೂಮಿನ ಹಿತ್ತಲ ಬಾಗಿಲನ್ನು ಕಿತ್ತು ಹಾಲ್‌ನ ಪಕ್ಕದ ಗೋಡೆಗೆ ಇಡಿಸುತ್ತೇನೆ, ಸಂದಿ ಖಾಲಿ ಮಾಡಿಸಿ ಆ ಕಡೆಯಿಂದ ಹಿತ್ತಲಿಗೆ ಓಡಾಡೋಣ ಎಂದರು. ನಾನು ಮಲಗಿದಲ್ಲಿಗೇ ಎಲ್ಲ ಕೇಳಿಸುತ್ತಿತ್ತು.

"ನಿಮಗೇನ್ ಬಂತು? ಚೆನ್ನಾಗಿರೋ ಬಾಗಿಲ್ನ ಯಾರಾದ್ರೂ ಮುಚ್ತಾರಾ?" ಎಂದರು ಅತ್ತೆ. "ಮೂರು ಬಾಗಿಲು ನೇರಕ್ಕಿದೆ, ಗಾಳಿ ಬರುತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋರು ನೀವೇ."

"ಗಾಳಿ ಜಾಸ್ತಿ ಆಯ್ತು. ನನಗೆ ಮಂಡಿ ನೋವು."

"ಮಂಡಿ ನೋವಿಗೂ ಬಾಗಿಲಿಗೂ ಏನ್ ಸಂಬಂಧ?"

"ಇದೆ."

ಅತ್ತೆ ಎರಡು ದಿನ ಅವರ ಜೊತೆ ಮಾತು ಬಿಟ್ಟರು. ಮಾವ ಜಗ್ಗಲಿಲ್ಲ. ಭಾನುವಾರ ಗಂಡಸರು ಮೂವರೂ ಸೇರಿ ಸಂದಿಯಿಂದ ಇಟ್ಟಿಗೆ ಹೊತ್ತರು. ನಮ್ಮವರು ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದು, "ಅಪ್ಪನಿಗೆ ನೀನೇನಾದ್ರೂ ಹೇಳಿದ್ಯಾ?" ಎಂದು ಪಿಸುಗುಟ್ಟಿದರು. "ಇಲ್ಲ" ಎಂದೆ. ಕೈಯ ಮಣ್ಣನ್ನು ನೋಡಿಕೊಳ್ಳುತ್ತಾ ನಿಂತಿದ್ದು, "ನಾನೇ ಹೇಳ್ಬೇಕಿತ್ತು" ಎಂದು ಹೊರಟುಹೋದರು.

ಗಾರೆಯವನು ಬರುವ ಮುನ್ನ ಮಾವ ಕ್ಯಾಲೆಂಡರಿನ ಹಾಳೆಯನ್ನು ನನ್ನ ಮಂಚದ ಮೇಲೆ ಹರಡಿದರು.

"ಮಂಚದ ತಲೆ ಯಾವ ಕಡೆ ಬೇಕಮ್ಮ?"

"ಅವಳನ್ನೇನ್ ಕೇಳ್ತೀರಿ?" ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

"ಮಲಗೋಳು ಅವಳು."

ಯಾವುದೋ ಒಂದು ಗೋಡೆ ತೋರಿಸಿದೆ. ಮೂರು ದಿನದಲ್ಲಿ ಕೆಲಸ ಮುಗಿಯಿತು. ಹಿತ್ತಲ ಬಾಗಿಲಿದ್ದ ಕಡೆ ಗೋಡೆ ಎದ್ದಿತು; ಸೂರಿನ ಹತ್ತಿರ ಒಂದು ಗವಾಕ್ಷಿ ಉಳಿಸಿದ್ದರು. ಗೋಡೆಯಲ್ಲಿ ತೂಗುಹಾಕಿದ್ದ ಹಳೆಯ ನಕ್ಷೆಯನ್ನು ಮಾವ ತೆಗೆಯಲೂ ಇಲ್ಲ, ತಿದ್ದಲೂ ಇಲ್ಲ.

ಅಂದಿನಿಂದ ನಾನು ಸುಖವಾಗಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಎರಡು ಬಾಗಿಲ ಗಾಳಿ ಬೆಳಕೇ ಸಾಕೆಂದು ಮಾವ ಇಟ್ಟಿರಲಿಲ್ಲ. ಒಂದು ಬಾಗಿಲು ಹೋದ ಮೇಲೆ ನಡುಹಗಲಲ್ಲೂ ದೀಪ ಹಾಕಬೇಕಾಯಿತು. ಹೊಸ ಗಾರೆಯ ತೇವ ಆರದೆ ಹಾಸಿಗೆಯೆಲ್ಲ ಮುಗ್ಗುಲು ವಾಸನೆ. ಬೇಸಿಗೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಹಾಲ್‌ನಿಂದ ಸಂದಿಗೆ ಇಳಿದು ಹೋಗುವವರು ಮಳೆಯಲ್ಲಿ ನೆನೆಯುತ್ತಿದ್ದರು, ನೆನೆದಾಗಲೆಲ್ಲ ಅತ್ತೆ ನಿಟ್ಟುಸಿರು ಬಿಡುತ್ತಿದ್ದರು, ನಾನು ಒಳಗೆ ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಚಿಲಕವೊಂದು ಸಿಕ್ಕಿತ್ತು, ನಿಜ. ಆದರೆ ಚೊಂಬಿನಲ್ಲಿ ಕುಟ್ಟಿದ ಆ ಚಿಲಕ ಹಾಕಿದರೂ ತೆಗೆದರೂ ಇಡೀ ಮನೆಗೆ ಕೇಳುವಂತೆ ಟಕ್ಕೆನ್ನುತ್ತಿತ್ತು. ರಾತ್ರಿ ಅದನ್ನು ಹಾಕಲು ನಮ್ಮಿಬ್ಬರಿಗೂ ನಾಚಿಕೆ. ಹಗಲು ಹಾಕಿದರೆ ಅತ್ತೆ ಅಡಿಗೆಮನೆಯಿಂದಲೇ ಹೇಳುತ್ತಿದ್ದರು, "ಹಗಲು ಹೊತ್ತು ಚಿಲಕ ಹಾಕ್ಕೊಂಡು ಕೂರೋ ಮನೆ ಇದಲ್ಲಮ್ಮ." ಕಡೆಗೆ ಬಾಗಿಲು ಮುಚ್ಚಿ ಒಳಗಿನಿಂದ ಒಂದು ಸ್ಟೂಲು ಒರಗಿಸಿಡುವುದನ್ನು ಕಲಿತೆವು.

ಸೀರೆ ಮಾತ್ರ ಒಳಗೇ ಉಡುತ್ತಿದ್ದೆ. ಅದೇನು ಸಣ್ಣದಲ್ಲ.

ಹೀಗೆ ಐದಾರು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಬಂದೆ. ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹಿಂದಿನ ದಿನ ಅವರ ಅಣ್ಣ ತೀರಿಕೊಂಡ ಕಾಗದ ಬಂದಿತ್ತು. ಎಲ್ಲ ಮುಗಿದು ವಾರವಾದ ಮೇಲೆ ಕೈಸೇರಿದ ಕಾಗದ. ಸ್ನಾನ ಮಾಡಿ, ಎಂದಿನಂತೆ ಅಡಿಗೆ ಮಾಡಿ, ಎಲ್ಲರಿಗೂ ಬಡಿಸಿದ್ದರು.

"ಸ್ವಲ್ಪ ಹೊತ್ತು ನಾನಿಲ್ಲಿ ಮಲಗ್ಲಾ?"

"ಮಲಗಿ ಅತ್ತೆ. ಕೇಳೋದೇನು?"

ಒಳಗೆ ಹೋದರು. ಮಂಚದ ಅಂಚನ್ನು ಮುಟ್ಟಿ ನೋಡಿದರು. ನಾನು ದಿಂಬು ಸರಿಮಾಡಿ ಈಚೆ ಬರುವಾಗ, "ಬಾಗಿಲು ಎಳ್ಕೊಂಡ್ ಹೋಗು" ಎಂದರು. ಎಳೆದೆ. ಹಿಂದೆಯೇ ಟಕ್ಕೆಂದು ಚಿಲಕ ಬಿತ್ತು.

ನಾನು ಹಾಲ್‌ನಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತೆ. ಪಕ್ಕದ ಮನೆಯಾಕೆ ಬಂದು ಅತ್ತೆ ಎಲ್ಲಿ ಎಂದಾಗ ಹೊರಗೆ ಹೋಗಿದ್ದಾರೆ ಎಂದೆ. ಮಾವ ಲೈಬ್ರರಿಯಿಂದ ಬಂದವರು ಮುಚ್ಚಿದ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ಸದ್ದಿಲ್ಲದೆ ಈಸಿಚೇರನ್ನು ಎತ್ತಿಕೊಂಡು ವರಾಂಡಕ್ಕೆ ಹೋದರು. ಒಂದೂವರೆ ಗಂಟೆಯ ಮೇಲೆ ಅತ್ತೆ ಈಚೆ ಬಂದರು. ಮುಖ ತೊಳೆದುಕೊಂಡು ಬಂದು ನನ್ನ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸತೊಡಗಿದರು. ಸ್ವಲ್ಪ ಹೊತ್ತಿಗೆ, "ಮದುವೆಯಾಗಿ ಮೂವತ್ನಾಲ್ಕು ವರ್ಷ ಆಯ್ತು. ಬಾಗಿಲು ಹಾಕ್ಕೊಂಡು ಮಲಗಿದ್ದು ಇವತ್ತೇ" ಎಂದರು. "ರೂಮು ಕುದಿಯುತ್ತೆ ಕಣೇ, ಹೇಗಾದ್ರೂ ಮಲಗ್ತೀರೋ" ಎಂದು ಸೇರಿಸಿದರು.

ದಶಕದ ಕೊನೆಯಲ್ಲಿ ನಮಗೆ ಮಗಳು ಹುಟ್ಟಿದಳು. ಅವಳಿಗೆ ಒಂದು ವರ್ಷವಾಗುವಷ್ಟರಲ್ಲಿ ಮೈದುನನ ಮದುವೆಯಾಯಿತು. ಹೊಸದಾಗಿ ಮದುವೆಯಾದವರಿಗೆ ಕೋಣೆ ಬಿಟ್ಟುಕೊಡುವುದು ಆ ಮನೆಯ ಕ್ರಮ, ಯಾರೂ ಹೇಳಬೇಕಾಗಲಿಲ್ಲ. ನವಿಲಿನ ಮಂಚವನ್ನು ಬಿಟ್ಟು, ನಮ್ಮ ಹಾಸಿಗೆ ಸುತ್ತಿಕೊಂಡು ನಾವು ಮೂವರೂ ಹಾಲ್‌ಗೆ ಬಂದೆವು. ಓರಗಿತ್ತಿ ಮೈಸೂರಿನ ಹುಡುಗಿ, ಓದಿದವಳು. ಬಂದ ಎರಡನೆಯ ವಾರವೇ, ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲರೂ ಓಡಾಡುತ್ತಿರುವಾಗ ಒಳಗೆ ಹೋಗಿ ಟಕ್ಕೆಂದು ಚಿಲಕ ಹಾಕಿಕೊಂಡಳು. ನನ್ನ ಮಗಳ ಬಟ್ಟೆಯ ಪೆಟ್ಟಿಗೆ ಇನ್ನೂ ಆ ಮಂಚದ ಕೆಳಗೇ ಇತ್ತು. ಮಗು ಒದ್ದೆ ಮಾಡಿಕೊಂಡು ಅಳುತ್ತಿತ್ತು. ನನಗೆ ಮೈ ಉರಿಯಿತು, ಒಪ್ಪಿಕೊಳ್ಳಬೇಕು.

"ಹಗಲು ಹೊತ್ತು ಏನಂತೆ ಚಿಲಕ ಇವಳಿಗೆ?" ಎಂದೆ ಅಡಿಗೆಮನೆಗೆ ಹೋಗಿ, ಸ್ವಲ್ಪ ಜೋರಾಗಿಯೇ.

ಅತ್ತೆ ಒಲೆಯ ಮುಂದಿಂದ ತಿರುಗಿ ನನ್ನನ್ನು ದಿಟ್ಟಿಸಿದರು. "ಸುಮ್ನಿರು, ಕೇಳಿಸುತ್ತೆ" ಎಂದರು. ತಂತಿಯ ಮೇಲಿದ್ದ ತಮ್ಮ ಹಳೆಯ ಸೀರೆಯೊಂದನ್ನು ಎಳೆದು ಕೊಟ್ಟರು, ಮಗುವಿಗೆ ಸುತ್ತಲು.

ಇನ್ನೂ ಒಂದು ವರ್ಷ ಹಾಲ್‌ನಲ್ಲೇ ಮಲಗಿದೆವು. ಆಮೇಲೆ ವಿಜಯನಗರದಲ್ಲಿ ಬಾಡಿಗೆ ಮನೆ ಸಿಕ್ಕಿತು.